ಎತ್ತಿಟ್ಟ ಮೂರು ಕಾರ್ಡುಗಳು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.30

ಸೊಸೆಯ ಪಾಠ ಒಪ್ಪಿಸಿಕೊಂಡದ್ದಾಯಿತು. ಮೂವತ್ತಕ್ಕೆ ನಾಲ್ಕು ತಪ್ಪು. ಡಾಕ್ಟರುಗಳು ಹೇಳಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡುವ ಕೆಲಸವಂತೆ. ಅದರ ಪರೀಕ್ಷೆಗೆ ಗ್ರೀಕ್, ಲ್ಯಾಟಿನ್ ಬೇರುಗಳು ಬಾಯಿಪಾಠ ಆಗಬೇಕು. ಕಾರ್ಡಿನ ಒಂದು ಬದಿಗೆ ಬೇರು, ಹಿಂಬದಿಗೆ ಕನ್ನಡದ ಅರ್ಥ. ಕೇಳುವವಳು ನಾನು.

"ಲಿತ್?"

"ಕಲ್ಲು, ಅತ್ತೆ."

"ಹೆಪಾಟ್?"

"ಕರುಳು... ಅಲ್ಲ, ತಡೀರಿ..."

"ಲಿವರು. ನೀನು ಟೈಪ್ ಮಾಡಿದ್ದನ್ನ ನಂಬಿದ್ರೆ ಡಾಕ್ಟ್ರು ಒಂದು ಬಿಟ್ಟು ಇನ್ನೊಂದು ಕೊಯ್ದಾರು."

"ಪರೀಕ್ಷೆಗೆ ನೀವೇ ಕೂತ್ಕೊಂಡ್ಬಿಡಿ."

ಕೂರಬಹುದಿತ್ತು. ಓದಿದ್ದು ಹೈಸ್ಕೂಲಿಗೇ ನಿಂತರೂ ನೂರಿಪ್ಪತ್ತು ಕಾರ್ಡೂ ನನ್ನ ಬಾಯಲ್ಲಿವೆ. ಕಷ್ಟವೇನಿಲ್ಲ — ಉದ್ದನೆಯ ಪದವನ್ನು ಅಂಗಿಯ ಹೊಲಿಗೆ ಬಿಚ್ಚಿದ ಹಾಗೆ ಬಿಚ್ಚಬೇಕು. ತೋಳು ಬೇರೆ, ಕಾಲರ್ ಬೇರೆ. ಪ್ರತಿ ಕಾರ್ಡಿನ ಮೂಲೆಗೂ ಲಾಂಡ್ರಿ ಮಸಿಯಲ್ಲಿ ನಂಬರ್ ಹಾಕಿದ್ದೇನೆ. ನಂಬರಿಲ್ಲದ ಕರ್ಚೀಫು ಕೂಡ ನನ್ನ ಲಾಂಡ್ರಿಯ ಹೊಸ್ತಿಲು ದಾಟಿದ್ದಿಲ್ಲ.

ಸೊಂಟ ನೋವು ಹಾಗೇ ಇದೆ. ಮೂತ್ರದಲ್ಲಿ ಮತ್ತೆ ರಕ್ತ.

ಮಾರ್ಚ್ 6, ಗುರುವಾರ

ಸ್ಕ್ಯಾನ್ ರಿಪೋರ್ಟ್ ಬಂತು. ನನ್ನನ್ನು "ಅಜ್ಜಿ, ರಕ್ತ ಕೊಟ್ಟು ಬನ್ನಿ" ಎಂದು ಹೊರಗೆ ಅಟ್ಟಿ, ಡಾಕ್ಟರು ಮಗನ ಜೊತೆ ಅರ್ಧ ಗಂಟೆ ಮಾತಾಡಿದರು. ಅಜ್ಜಿಯಂತೆ. ಅವರಿಗೂ ತಲೆ ನರೆತಿದೆ.

ಮಗ ಹೊರಬಂದು, "ಕಲ್ಲು, ಅಮ್ಮ. ಸಣ್ಣದು. ಮುಂದಿನ ಗುರುವಾರ ತೆಗೆದುಬಿಡ್ತಾರೆ" ಎಂದ. ಒಪ್ಪಿಗೆಯಾ ಎಂದು ಕೇಳಲಿಲ್ಲ, ಹೇಳಿದ. ಮೈ ನನ್ನದು, ತಾರೀಕು ಅವನದು.

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ

ಕಾರ್ಡುಗಳು ನೂರ ಹದಿನೇಳು. ಮೂವತ್ತೊಂದು, ನಲವತ್ತಾರು, ತೊಂಬತ್ತು ಇಲ್ಲ.

"ಎಲ್ಲೋ ಬಿದ್ದಿರ್ಬೇಕು ಅತ್ತೆ."

"ನಂಬರ್ ಹಾಕಿದ್ದು ತಾನಾಗಿ ಬೀಳಲ್ಲ. ಯಾರಾದ್ರೂ ಎತ್ತಬೇಕು."

ಒಲೆಯ ಮೇಲೆ ಏನೂ ಇರಲಿಲ್ಲ. ಆದರೂ ಹಾಲು ಉಕ್ಕುತ್ತದೆ ಎಂದು ಎದ್ದು ಹೋದಳು.

ಮೂವತ್ತೊಂದು ನೆಫ್ರ್, ಮೂತ್ರಪಿಂಡ. ತೊಂಬತ್ತು ಎಕ್ಟಮಿ, ಕೊಯ್ದು ತೆಗೆಯುವುದು. ನಲವತ್ತಾರು ಕಾರ್ಸಿನ್, ಏಡಿ... ಅಂದರೆ ಕ್ಯಾನ್ಸರ್. ಬಾಯಿಗೆ ಬಂದಮೇಲೆ ಕಾರ್ಡು ಎತ್ತಿಟ್ಟರೆ ಏನು ಬಂತು? ಲಿತ್ ಮಾತ್ರ ಜಾಗದಲ್ಲೇ ಇತ್ತು. ಕಲ್ಲಾಗಿದ್ದರೆ ಏಡಿಯನ್ನೇಕೆ ಬಚ್ಚಿಟ್ಟಳು?

ಮಧ್ಯಾಹ್ನ 3

ಮಗನ ಮೇಜಿನ ಡ್ರಾಯರ್ ತೆಗೆದೆ. ಕಳ್ಳತನವಲ್ಲ. ಲಕೋಟೆಯ ಮೇಲೆ ನನ್ನ ಹೆಸರೇ ಇತ್ತು. ಒಳಗೆ ರಿಪೋರ್ಟ್. ಒಂದು ಕಡೆ ಲ್ಯಾಟಿನ್‌ನಲ್ಲಿ ರೀನಲ್, ಇನ್ನೊಂದು ಕಡೆ ಗ್ರೀಕ್‌ನಲ್ಲಿ ನೆಫ್ರ್. ಒಂದೇ ಕಿಡ್ನಿಗೆ ಎರಡು ಭಾಷೆ, ಅದನ್ನು ಹೊತ್ತವಳಿಗೆ ಒಂದು ಮಾತೂ ಇಲ್ಲ. ನೆಫ್ರೆಕ್ಟಮಿ ಇದೆ. ಕಾರ್ಸಿನೋಮಾ ಇದೆ. ಲಿತ್‌ಗಾಗಿ ಬೆರಳಿಟ್ಟು ಸಾಲು ಸಾಲು ಹುಡುಕಿದೆ.

ಇಲ್ಲ.

ಮಾರ್ಚ್ 10, ಸೋಮವಾರ

ಎರಡು ದಿನ ಬರೆಯಲಾಗಲಿಲ್ಲ. ಇವತ್ತು ಲಾಂಡ್ರಿಯಲ್ಲಿ, ಮಗ ಸೊಸೆ ಇಬ್ಬರ ಎದುರಿಗೇ, ಇಸ್ತ್ರಿ ಮೇಜಿನ ಮೇಲೆ ರಿಪೋರ್ಟ್ ಹರಡಿದೆ. ಮಗ ಅದನ್ನು ಮಡಿಚಿಡಲು ಹೋದ.

"ನಿಮಗೆ ಭಯ ಆಗ್ಬಾರ್ದು ಅಂತ, ಅಮ್ಮ..."

"ನಿಮ್ಮಪ್ಪ ಹೋದಾಗ ನಿನಗೆ ಒಂಬತ್ತು ವರ್ಷ. ಊರಿಗೆ ಹೋಗಿದಾರೆ ಅಂದ್ನಾ? ಎದುರಿಗೆ ಕೂರಿಸ್ಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ."

"ಅತ್ತೆಗೆ ತಿಳಿಸೋಣ ಅಂತ ನಾನೂ..." ಎಂದಳು ಸೊಸೆ.

"ನೀನು ಸುಮ್ನಿರು. ಅವನು ಸುಳ್ಳು ಹೇಳಿದ. ನೀನು ನನ್ನನ್ನ ದಡ್ಡಿ ಮಾಡಿದೆ."

ಅವಳು ಅತ್ತಳು. ಅಳಲಿ.

ಮಾರ್ಚ್ 11, ಮಂಗಳವಾರ

ಮಗನ ಜೊತೆ ಆಸ್ಪತ್ರೆಗೆ ಹೋದೆ. ಡಾಕ್ಟರೂ ಅದನ್ನೇ ಶುರುಮಾಡಿದರು. "ಅಜ್ಜಿ, ಒಂದು ಸಣ್ಣ ಕಲ್ಲು..."

"ನೆಫ್ರ್ ಅಂದ್ರೆ ಕಿಡ್ನಿ. ಎಕ್ಟಮಿ ಅಂದ್ರೆ ಕೊಯ್ದು ತೆಗೆಯೋದು. ಇದರಲ್ಲಿ ಕಲ್ಲು ಎಲ್ಲಿದೆ, ತೋರ್ಸಿ ಡಾಕ್ಟ್ರೇ."

ಅವರು ಮಗನ ಕಡೆ ನೋಡಿದರು. "ಅವನ ಕಡೆ ಬೇಡ, ನನ್ನ ಕಡೆ ನೋಡಿ" ಎಂದೆ.

ಕುರ್ಚಿ ಎಳೆದುಕೊಂಡು ಕುಳಿತು, ಕಾಗದದ ಮೇಲೆ ಚಿತ್ರ ಬರೆದು ಕನ್ನಡದಲ್ಲಿ ಹೇಳಿದರು. ಎಡಗಡೆಯದು. ಗಡ್ಡೆ ನಿಂಬೆಹಣ್ಣಿನಷ್ಟು. ಬೇರೆಲ್ಲೂ ಹರಡಿಲ್ಲ. ಬಲಗಡೆಯದು ಗಟ್ಟಿಯಾಗಿದೆ, ಅದೊಂದರಲ್ಲೇ ಬದುಕಬಹುದು. ನಾಲ್ಕು ದಿನದಿಂದ ನಾನು ಮನಸ್ಸಿನಲ್ಲೇ ಎಲ್ಲರಿಗೂ ವಿದಾಯ ಹೇಳಿಕೊಳ್ಳುತ್ತಿದ್ದೆ. ಬೇರು ಗೊತ್ತಿದ್ದ ಮಾತ್ರಕ್ಕೆ ಮರ ಎಷ್ಟೆತ್ತರವೆಂದು ಗೊತ್ತಾಗುವುದಿಲ್ಲ. ಆದರೆ ಕೇಳುವ ದಾರಿಯನ್ನೇ ಮುಚ್ಚಿದವರು ಇವರು.

ಒಪ್ಪಿಗೆ ಪತ್ರದಲ್ಲಿ ಮಗನ ಸಹಿ ಆಗಲೇ ಬಿದ್ದಿತ್ತು. ಹೊಡೆದುಹಾಕಿ ನನ್ನದು ಹಾಕಿದೆ. ಗುರುವಾರ ಬೇಡ ಎಂದೆ. ಶುಕ್ರವಾರ ಸೊಸೆಗೆ ಪರೀಕ್ಷೆ. ನಾಲ್ಕು ದಿನ ತಡವಾದರೆ ಏನೂ ಆಗದು ಎಂದರು ಡಾಕ್ಟರು. ಸೋಮವಾರ ಎಂದು ನಾನೇ ಹೇಳಿದೆ.

ಸಂಜೆ ಕಟ್ಟಿನಲ್ಲಿ ನೂರಿಪ್ಪತ್ತು ಕಾರ್ಡು. ಆ ಮೂರನ್ನೇ ಮೊದಲು ಕೇಳಿದೆ. ತಡವರಿಸದೆ ಹೇಳಿದಳು.

ಮಾರ್ಚ್ 14, ಶುಕ್ರವಾರ

ಪರೀಕ್ಷೆ ಚೆನ್ನಾಗಿ ಆಯಿತಂತೆ. ಆಗದೆ ಏನು, ಕೇಳಿದವಳು ನಾನು. ಸಿಟ್ಟು ಇನ್ನೂ ಇಳಿದಿಲ್ಲ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 7.10

ಆಸ್ಪತ್ರೆಯ ನಿಲುವಂಗಿ. ಇಸ್ತ್ರಿ ಕೆಟ್ಟದಾಗಿದೆ, ಕಾಲರ್ ಮಡಿಕೆ ಬಿಟ್ಟಿಲ್ಲ. ಮಗ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು ಕೇಳಿದ, "ಅಮ್ಮ, ಭಯ ಆಗ್ತಿದ್ಯಾ?"

ಇಷ್ಟು ದಿನದಲ್ಲಿ ಮೊದಲ ಸಲ ನನ್ನನ್ನೇ ಕೇಳಿದ್ದು. ಹೌದು ಎಂದೆ. ಅವನಿಗೂ ಆಗುತ್ತಿದೆಯಂತೆ. ಮಂಚದ ಅಂಚಿನಲ್ಲಿ ಕುಳಿತ. ನರ್ಸ್ ಕನ್ನಡಕ ತೆಗೆಯಿರಿ ಎನ್ನುತ್ತಿದ್ದಾಳೆ. ಒಂದು ಸಾಲು ಬರೆದು ಕನ್ನಡಕ ಕೊಡುತ್ತೇನೆ ಎಂದೆ. ಅವನಿಗೆ ನಾನು ಏನೂ ಆಗಲ್ಲ ಎನ್ನಲಿಲ್ಲ. ಇದ್ದದ್ದು ಇದ್ದ ಹಾಗೆ—