ಬೇವಿನ ಕೊಂಬೆಗೆ ತೂಗುಹಾಕಿದ ಎರಡು ಕರಡಿಗೆ

ಲೇ ಕೊಟ್ರ್ಯಾ,

ಹೀಗೆ ಕರೆದರೆ ಮಾತ್ರ ನೀನು ತಿರುಗಿ ನೋಡುತ್ತಿದ್ದೆ. ಮೊದಲು ‘ಪ್ರೀತಿಯ ಗೆಳೆಯ ಕೊಟ್ರೇಶನಿಗೆ’ ಎಂದು ಬರೆದು ಹೊಡೆದುಹಾಕಿದೆ. ನೀನಿದ್ದಿದ್ದರೆ “ಯಾಕಲೇ ಬಸು, ಮದುವಿ ಕಾರ್ಡ್ ಬರಿಯಾಕತ್ತಿಯೇನು?” ಎನ್ನುತ್ತಿದ್ದೆ. ಮೊನ್ನೆ ದೀಪಾವಳಿ ಪಾಡ್ಯದ ದಿನ ಹಡಗಲಿಗೆ, ನಿಮ್ಮ ಮನೆಗೆ ಹೋಗಿದ್ದೆ. ಒಂಬತ್ತು ವರ್ಷದ ಮೇಲೆ. ಇಷ್ಟು ದಿನ ಯಾಕೆ ಹೋಗಲಿಲ್ಲ ಎನ್ನುವುದು ನಿನಗೊಬ್ಬನಿಗೇ ಗೊತ್ತು. ಹಾಗಂತ ನಾನು ತಿಳಿದಿದ್ದೆ.

ಆ ಬಸ್ಸು ನೆನಪಿದೆಯಾ? ಡಿಗ್ರಿಯ ಎರಡನೇ ವರ್ಷದ ದೀಪಾವಳಿ ರಜೆ. ಹಡಗಲಿಯಲ್ಲೇ ಬೀರ್ ಕೊಂಡರೆ ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆಂದು ಹೆದರಿದ್ದೆವು. ನಿಮ್ಮ ತೋಟದ ಮಲ್ಲಿಗೆ ಕೊಟ್ಟು ಬರುವ ನೆಪದಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದೆವು. ಮರಳುವಾಗ ಅದೇ ಹೂವಿನ ಬುಟ್ಟಿಯೊಳಗೆ ಎರಡು ಬಾಟಲಿ, ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಮಿಕ್ಕ ಮೊಗ್ಗು. ಕಂಡಕ್ಟರ್ ಬಗ್ಗಿ ನೋಡಿ, “ಹಡಗಲಿಗೇ ಹೂವು ಒಯ್ಯಾಕತ್ತೀರಲ್ಲೋ! ನಿಮ್ಮೂರಾಗ ಮಲ್ಲಿಗಿ ತೀರಿ ಹೋದುವೇನು?” ಎಂದ. ಅದೇ ಹೊತ್ತಿಗೆ ಬಸ್ಸು ಕುಲುಕಿ ಬುಟ್ಟಿ ಠಣ್ ಅನ್ನಬೇಕೇ? “ತಂಗಿಗೆ ಬಳಿ ತಗೊಂಡೀನ್ರಿ” ಎಂದೆ ನೀನು, ಕಣ್ಣು ಕೂಡ ಮಿಟುಕಿಸದೆ. ಅಲ್ಲಲೇ, ನಿನಗೆ ತಂಗಿ ಎಲ್ಲಿದ್ದಳು?

ನಿಮ್ಮ ತೋಟದ ನೀರಿನ ತೊಟ್ಟಿಯಲ್ಲಿ ಬಾಟಲಿ ತಣ್ಣಗಾಗಲು ಬಿಟ್ಟು ಬೇವಿನ ಗಿಡದ ಕೆಳಗೆ ಕೂತಿದ್ದೆವು. ಕುಡಿಯುವ ಮುಂಚೆ ಕೊರಳಿನ ಲಿಂಗ ತೆಗೆದಿಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಇಬ್ಬರ ಕೈಯೂ ತಾನಾಗಿ ಅಂಗಿಯೊಳಗೆ ಹೋಯಿತು. “ಶಿವಗ ವಾಸನಿ ಬಡೀಬಾರದು” ಎಂದು ನೀನೇ ಲಿಂಗವಿದ್ದ ಎರಡೂ ಬೆಳ್ಳಿ ಕರಡಿಗೆಗಳನ್ನು ದಾರ ಸಮೇತ ಒಂದೇ ಕೊಂಬೆಗೆ ತೂಗುಹಾಕಿದೆ. ಕೊಟ್ಟೂರಿನ ಒಬ್ಬನೇ ಅಕ್ಕಸಾಲಿ ಮಾಡಿದ ಕರಡಿಗೆಗಳು, ಒಂದಕ್ಕೊಂದು ವ್ಯತ್ಯಾಸವೇ ಇರಲಿಲ್ಲ. ಮೊದಲ ಗುಟುಕಿಗೆ ನಿನ್ನ ಮುಖ ಏನಾಯಿತು! “ಥೂ, ಇದನ್ನ ಕುಡಿಯಾಕ ಇಷ್ಟು ಸುಳ್ಳು ಹೇಳಿದ್ವೇನಲೇ!” ಎಂದು ಉಗುಳಿ, ಮತ್ತೆ ಬಾಯಿಗಿಟ್ಟೆ. ಬಾಟಲಿಯ ಕುತ್ತಿಗೆಗೆ ಒಂದು ಮಲ್ಲಿಗೆ ಮೊಗ್ಗು ಅಂಟಿತ್ತು. ಹುಬ್ಬಳ್ಳಿಗೆ ಹೂವು ಸಾಗಿಸಲು ಸ್ವಂತ ಲಾರಿ ಮಾಡುತ್ತೇನೆಂದೆ ನೀನು. ನಾನು ಮೇಷ್ಟ್ರಾಗುತ್ತೇನೆಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟು ನಗುವಂಥದ್ದು ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಹರಪನಹಳ್ಳಿಯ ನಮ್ಮ ಮನೆಯಲ್ಲಿ ಸ್ನಾನ ಮಾಡುವಾಗ ನೋಡಿಕೊಂಡೆ. ಎದೆಯ ಮೇಲೆ ನಿಲ್ಲಬೇಕಾದ ಕರಡಿಗೆ ಹೊಟ್ಟೆಗೆ ತಾಗುತ್ತಿತ್ತು. ದಾರ ನಿನ್ನದು, ನೀನು ಉದ್ದನೆಯವನು. ಕರಡಿಗೆ ತೆರೆದರೆ ಲಿಂಗದ ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿತ್ತು, ನನ್ನದು ನುಣುಪು. ಎಸ್‌ಟಿಡಿ ಬೂತಿಗೆ ಓಡಿಹೋಗಿ ನಿನಗೆ ಫೋನ್ ಮಾಡಿದೆ. ನೀನೋ, ಆ ಕಡೆ ನಗು. “ಇರ್ಲಿ ಬಿಡಲೇ. ನನ್ನ ಶಿವನ್ನ ನೀ ನೋಡ್ಕೊ, ನಿನ್ನ ಶಿವನ್ನ ನಾ ನೋಡ್ಕೊಂತೀನಿ. ಮುಂದಿನ ಹಬ್ಬಕ್ಕ ಅದೇ ಗಿಡದ ಕೆಳಗ ಬದಲಿ ಮಾಡ್ಕೊಳೋಣ.” ಕಾಲೇಜು ಶುರುವಾದ ಮೇಲೂ ನಾನು ಎರಡು ಸಲ ಕೇಳಿದೆ. ಅದೇ ಗಿಡ, ಅದೇ ಬೀರ್ ಎಂದು ನೀನು ಹಟ ಹಿಡಿದೆ. ಆ ಹಟಕ್ಕೆ ನಾನೂ ತಲೆಯಾಡಿಸಿದೆನಲ್ಲ...

ಬೇಸಿಗೆಯಲ್ಲಿ ನಿನಗೆ ಕಾಮಣಿಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ಹತ್ತೇ ದಿನಕ್ಕೆ ನೀನು ಹೋಗಿಬಿಟ್ಟೆ. ನಿನ್ನನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಹಚ್ಚಿ, ಸ್ವಾಮಿಗಳು ಕರಡಿಗೆ ತೆರೆದು ಲಿಂಗವನ್ನು ನಿನ್ನ ಎಡಗೈಯಲ್ಲಿಟ್ಟರು. ಅದು ನನ್ನದು, ಕೊಟ್ರ್ಯಾ. ನಿನ್ನ ಭುಜ ಹಿಡಿದು ನಿಮ್ಮವ್ವ ಕೂತಿದ್ದಳು. ಬಾಯಿ ತೆರೆದರೆ ಲಿಂಗ ಎಲ್ಲಿ ತೆಗೆದಿರಿ, ಯಾಕೆ ತೆಗೆದಿರಿ ಎಂದು ಕೇಳುತ್ತಾರೆ. ಬೀರ್ ಕುಡಿದೇ ಹೀಗಾಯಿತು ಎನ್ನುತ್ತಾರೆ. ಲಿಂಗ ಬದಲಾಗಿದ್ದಕ್ಕೇ ಹುಡುಗ ಹೋದ ಎನ್ನುತ್ತಾರೆ. ಕೆಟ್ಟ ನೀರಿನಿಂದ ಬಂದದ್ದು ಎಂದು ಡಾಕ್ಟರು ಹೇಳಿದ್ದರು, ನಿಜ. ಆದರೆ ಆ ಹೊತ್ತಿಗೆ ನನಗೂ ಹಾಗೆಯೇ ಅನ್ನಿಸಿಬಿಟ್ಟಿತ್ತು. ಒಳಗಿನ ನಿನ್ನ ಕರಡಿಗೆ ಕಾಣದಂತೆ ಅಂಗಿಯ ಮೇಲಿನ ಗುಂಡಿ ಬಿಗಿಯಾಗಿ ಹಿಡಿದುಕೊಂಡು ಗೋಡೆಗೆ ಒರಗಿ ನಿಂತೆ. ನಿನ್ನನ್ನು ಒಯ್ದರು, ಕೈಯಲ್ಲಿದ್ದ ನನ್ನ ಲಿಂಗದ ಸಮೇತ ಮಣ್ಣು ಮಾಡಿದರು.

ನೀನು ನಕ್ಕೆಯಲ್ಲ, ನಾನು ಮೇಷ್ಟ್ರೇ ಆದೆ. ಕೂಡ್ಲಿಗಿಯಲ್ಲಿ ಕೆಲಸ. ಹಡಗಲಿಯ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಮದುವೆಯ ಕಾರ್ಡನ್ನೂ ನಿಮ್ಮ ಮನೆಗೆ ಕಳಿಸಲಿಲ್ಲ. ದಿನಾ ಬೆಳಿಗ್ಗೆ ಪೂಜೆಗೆ ಕೂತರೆ ಅಂಗೈಯಲ್ಲಿ ನಿನ್ನ ಲಿಂಗ, ಹೆಬ್ಬೆರಳಿನ ಕೆಳಗೆ ಆ ಚಕ್ಕೆ. ಬೀರ್ ಮತ್ತೆ ಮುಟ್ಟಲಿಲ್ಲ. ಹೊಸ ವರ್ಷದ ದಿನ ಗೆಳೆಯರು ನನ್ನನ್ನು ಸನ್ಯಾಸಿ ಎಂದು ಕಾಡಿಸುತ್ತಾರೆ. ಸನ್ಯಾಸವೂ ಇಲ್ಲ, ಗಿನ್ಯಾಸವೂ ಇಲ್ಲ. ಹೆದರಿಕೆ, ಅಷ್ಟೇ.

ಮೊನ್ನೆ ನಿಮ್ಮವ್ವ ಪಡಸಾಲೆಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದಳು. ಸುತ್ತ ನಿಮ್ಮಣ್ಣನ ಮಕ್ಕಳ ಗಲಾಟೆ. ನಾನು ನಿನ್ನ ಕರಡಿಗೆಯನ್ನು ಕೊರಳಿನಿಂದ ತೆಗೆದು ಅವಳ ಮಡಿಲಿಗಿಟ್ಟು ಎಲ್ಲ ಹೇಳಿಬಿಟ್ಟೆ. ಬುಟ್ಟಿ, ಬಾಟಲಿ, ಬೇವಿನ ಗಿಡ, ಒಂದನ್ನೂ ಬಿಡಲಿಲ್ಲ. ಅವಳು ಕರಡಿಗೆ ತೆರೆದಳು. ಅವಳ ಹೆಬ್ಬೆರಳು ಹುಡುಕಲಿಲ್ಲ ಕೊಟ್ರ್ಯಾ, ನೇರ ಚಕ್ಕೆಯ ಮೇಲೇ ಹೋಯಿತು.

“ಮೂರು ವರ್ಷದವ ಇದ್ದಾಗ ಕಚ್ಚಿದ್ದ” ಎಂದಳು. “ಸ್ವಾಮ್ಯಾರು ಅವನ ಕೈಯಾಗ ಇಟ್ಟಿದ್ದು ಇದಲ್ಲ ಅಂತ ಅವತ್ತ ಗೊತ್ತಾತು. ನೀನು ಗುಂಡಿ ಹಿಡ್ಕೊಂಡು ನಿಂತಿದ್ದಿ. ಎಲ್ಲೈತಿ ಅಂತಾನೂ ಗೊತ್ತಾತು.”

“ಮತ್ತ ಯಾಕ ಕೇಳ್ಲಿಲ್ಲವ್ವ?”

“ಇದೊಂದಾದ್ರೂ ಮಣ್ಣಿಗೆ ಹೋಗದಂಗ ಉಳೀತಲ್ಲ ಅಂತ ಸುಮ್ನಾದೆ. ನೀನು ಬಂದಾಗೊಮ್ಮಿ ಮುಟ್ಟಬೋದು ಅಂತಿದ್ದೆ.” ಕರಡಿಗೆ ಮುಚ್ಚುತ್ತ ಹೇಳಿದಳು, “ನೀ ಬರಲೇ ಇಲ್ಲಲ್ಲೋ ಬಸು.”

ಇದಕ್ಕಿಂತ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ನಾನು ಮುಚ್ಚಿಟ್ಟದ್ದು ನಿನ್ನ ಗುಟ್ಟನ್ನೂ ಅಲ್ಲ, ನನ್ನದನ್ನೂ ಅಲ್ಲ. ಆ ತಾಯಿಗೆ ಉಳಿದಿದ್ದ ಒಂದನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಿರುಗಿದೆ. ಇದಕ್ಕೆ ನಾನು ಏನು ಮಾಡಲಿ ಹೇಳು?

“ಆ ಬೀರು ರುಚಿ ಇತ್ತಂತೇನು ಅವಗ?” ಎಂದು ಕೇಳಿದಳು.

“ಇಲ್ಲವ್ವ. ಥೂ, ಕಹಿ ಅಂದ.”

“ಪಾಪ” ಎಂದಳು. ಆಮೇಲೆ ಅತ್ತಳು.

ಕರಡಿಗೆಯನ್ನು ಅಲ್ಲೇ ಬಿಟ್ಟುಬರೋಣವೆಂದರೆ ಒಪ್ಪಲಿಲ್ಲ. ನನ್ನ ಕೊರಳಿಗೆ ಹಾಕಿ ನೋಡಿ, “ದಾರ ಉದ್ದಾತು ನಿನಗ” ಎಂದು ನನ್ನ ಎದೆಗೆ ಅಳತೆ ಹಿಡಿದು, ಹೂವು ಕಟ್ಟುವ ಬೆರಳಿನಿಂದಲೇ ಗಂಟು ಹಾಕಿದಳು. ಒಂಬತ್ತು ವರ್ಷ ನಿನ್ನ ಅಳತೆಯಲ್ಲೇ ಹಾಕಿಕೊಂಡಿದ್ದೆ, ಗಿಡ್ಡ ಮಾಡಲು ನನಗೆ ಕೈ ಬಂದಿರಲಿಲ್ಲ. ತಿಂಗಳಿಗೊಮ್ಮೆ ತಂದು ಅವಳ ಕೈಗೆ ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ತಿಂಗಳಾಗುವವರೆಗೆ ತಡೆಯಲಾರೆ, ಈ ಸೋಮವಾರ ಬೆಳಿಗ್ಗೆ ಹಡಗಲಿಯ ಮೊದಲ ಬಸ್ಸಿಗೇ ಹೊರಡುತ್ತೇನೆ ಲೇ.

ನಿನ್ನ,
ಬಸು