ಸೊಟ್ಟ ತೆಗೆಯಲು ಹೋಗಿ

11 ನವೆಂಬರ್, ಮಂಗಳವಾರ

ಕಂಪನಿ ಬಸ್ಸು ಇವತ್ತೂ ತಡ. ಕೊಂಢವಾ ಚೌಕದಲ್ಲಿ ನಿಂತೇ ಅರ್ಧ ಆಯುಷ್ಯ ಹೋಯಿತು. ಮನೆಗೆ ಬಂದರೆ ಬಾಗಿಲಲ್ಲೇ ಉದ್ದನೆಯ ಪಾರ್ಸೆಲ್. ಸುಲಭಾಳ ಸೈಕಲ್ಲಿನ ಹೊಸ ಫೋರ್ಕು, ಮುಂದಿನ ಚಕ್ರ ಹಿಡಿದು ಕುಲುಕು ನುಂಗುವ ಕವಲು. ಅಂತೂ ಬಂತು.

ಆಕೆ ಅದರ ಮುಂದೆ ಕೂತು ಡಬ್ಬಿ ಸವರುತ್ತಿದ್ದಳು. ಹಳೆಯದು ತುಕ್ಕು ಹಿಡಿದು ಸತ್ತಿದೆ, ಜಪ್ಪಯ್ಯ ಅಂದರೂ ಕುಗ್ಗುವುದಿಲ್ಲ. ಹೋದ ವರ್ಷ ಭೋರಿನ ಘಾಟಿನಲ್ಲಿ, ಕಲ್ಲುದಾರಿಯ ಇಳಿಜಾರು ಅರ್ಧಕ್ಕೆ ಬಂದಾಗ ಕೈ ಮರಗಟ್ಟಿ, ಸೈಕಲ್ ತಳ್ಳಿಕೊಂಡು ನಡೆದು ಬಂದಳು. ಕೆಳಗೆ ಇಡೀ ಗುಂಪು ಕಾಯುತ್ತ ನಿಂತಿತ್ತು. ಅದನ್ನು ಇನ್ನೂ ಮರೆತಿಲ್ಲ. ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ನನ್ನ ಹೆಂಡತಿ, ನಲವತ್ತು ದಾಟಿದ ಮೇಲೆ, ಈ 23ಕ್ಕೆ ಅದೇ ಇಳಿಜಾರನ್ನು ಕಾಲೂರದೆ ಇಳಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ.

"ಅಂಗಡಿಯಾಂವನ ಕಡೆ ಕೂಡಿಸ್ಕೊಂಡು ಬರ್ತೀನ್ರಿ," ಅಂದಳು.

"ಯಾಕ? ನಾ ಸತ್ತೀನೇನು? ನಮ್ಮ ಮನಿ ಹೊಸ್ತಿಲಾ ಇವತ್ತಿನ ತನಕ ಮೆಕ್ಯಾನಿಕ್ ದಾಟಿಲ್ಲ."

"ಇದು ಮಿಕ್ಸರ್ ಅಲ್ರೀ."

"ಇಷ್ಟು ವರ್ಷ ಕ್ವಾಲಿಟಿ ಡಿಪಾರ್ಟ್‌ಮೆಂಟಿನ್ಯಾಗ ಏನು ಕಡ್ಲಿ ತಿಂದ್ಕೋತ ಕೂತೀನಿ?"

ನಕ್ಕಳು. "ಆತು ಮಾರಾಯ್ರ. ನೀವಽ ಮಾಡ್ರಿ."

ಅಗ್ಗದ ಫೋರ್ಕು. ಆಕೆಗೆ ಗಾಳಿಯದು ಬೇಕಿತ್ತು. ಸ್ಪ್ರಿಂಗಿನದೇ ಸಾಕು ಅಂದವನು ನಾನು. ಅಗ್ಗದ್ದನ್ನು ನೆಟ್ಟಗೆ ಕೂಡಿಸಿದರೆ ತುಟ್ಟಿಯದಕ್ಕೆ ಸಮ ಅಂತ ಭಾಷಣ ಬೇರೆ.

16 ನವೆಂಬರ್, ರವಿವಾರ, ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ. ಆದರೂ...

ಹೊಸ ಫೋರ್ಕಿನ ಮೇಲಿನ ಪೈಪು ಉದ್ದವೇ ಬರುತ್ತದೆ. ಬೇಕಾದಷ್ಟು ಉಳಿಸಿ ಮಿಕ್ಕದ್ದನ್ನು ಕೊಯ್ಯಬೇಕು. ಆ ಪೈಪನ್ನು ಸ್ಟೆಮ್ ಅಪ್ಪಿ ಹಿಡಿಯುತ್ತದೆ, ಸ್ಟೆಮ್ಮು ಹ್ಯಾಂಡಲನ್ನು ಹಿಡಿಯುತ್ತದೆ. ಹ್ಯಾಂಡಲ್ ಇರುವುದೇ ಆ ಪೈಪಿನ ಭರವಸೆಯ ಮೇಲೆ.

ಅಳತೆ ಸರಿ ಇತ್ತು. ಗುರುತೂ ಸರಿ. ಹೊರಗಿನ ಗ್ಯಾಲರಿಯಲ್ಲಿ ಕೂತು ಕೊಯ್ದೆ. ಕೊನೆಯಲ್ಲಿ ಹ್ಯಾಕ್ಸಾ ತುಸು ಜಾರಿತು. ತುದಿ ಕೂದಲೆಳೆಯಷ್ಟು ಸೊಟ್ಟ.

ಬಿಟ್ಟಿದ್ದರೆ ಆಗುತ್ತಿತ್ತು. ಮೇಲೆ ಕ್ಯಾಪ್ ಬಿದ್ದರೆ ದೇವರಿಗೂ ಕಾಣದು. ನನಗೆ ಸೇರಲಿಲ್ಲ. ನಾನು, ಕ್ವಾಲಿಟಿಯ ಪ್ರಲ್ಹಾದ, ಕೊಯ್ದದ್ದು ಸೊಟ್ಟ ಇರಬಹುದೇ! ನೇರ ಮಾಡಲು ಇನ್ನೊಮ್ಮೆ ಕೊಯ್ದೆ. ಅದು ಆ ಕಡೆಗೆ ಸೊಟ್ಟ. ಮತ್ತೊಮ್ಮೆ. ಎರಡೂ ಕಡೆ ಸಮ ಮಾಡಲು ಹೋಗಿ ಮೀಸೆಯನ್ನೇ ಕಳೆದುಕೊಂಡವನ ಗತಿ. ಕೊನೆಗೆ ತುದಿ ನೇರ ಬಂತು. ಅರ ಹಾಕಿ ಉಜ್ಜಿ, ಬೆರಳಾಡಿಸಿ, ಶಭಾಷ್ ಅಂದುಕೊಂಡೆ. ಕೂಡಿಸಿ ನೋಡಿದರೆ ಪೈಪು ಗಿಡ್ಡ.

ಸ್ಟೆಮ್ಮಿನ ಕೆಳಗಿನ ರಿಂಗುಗಳನ್ನೆಲ್ಲ ತೆಗೆದು ಹ್ಯಾಂಡಲ್ ಇಳಿಸಿದೆ. ಆದರೂ ಸಾಲದು. ಸ್ಟೆಮ್ಮಿಗೆ ಎರಡು ಬೋಲ್ಟು. ಕೆಳಗಿನದು ಪೈಪನ್ನು ಹಿಡಿದಿದೆ. ಮೇಲಿನದು ಬರೀ ಗಾಳಿಯನ್ನು ಹಿಡಿದಿದೆ.

ಅದೇ ಹೊತ್ತಿಗೆ ಆಕೆ ಚಹಾ ತಂದಳು. ನಾನು ಗಡಬಡಿಸಿ ಕ್ಯಾಪ್ ಹಾಕಿ ಒರೆಸುತ್ತಿದ್ದೆ.

"ಆತೇನ್ರಿ?"

"ಆತು."

ಬಾಯಿಂದ ತಾನೇ ಬಿತ್ತು. ಚಹಾ ಕುಡಿದೆ. ಶುಂಠಿ ಹಾಕಿದ್ದಳು.

ಅದೇ ದಿನ, ಸಂಜೆ

ಸ್ಪ್ರಿಂಗನ್ನು ಓಡಿಸುವವರ ತೂಕಕ್ಕೆ ಹೊಂದಿಸಬೇಕು. ಫೋರ್ಕಿನ ಕಾಲಿಗೆ ದಾರ ಕಟ್ಟುವುದು, ಅವರು ಹತ್ತಿ ಕೂತಾಗ ದಾರ ಎಷ್ಟು ಸರಿಯಿತು ನೋಡುವುದು, ಮೇಲಿನ ತಿರುಪು ತಿರುಗಿಸುವುದು. ದಾರ ಸಿಗಲಿಲ್ಲ. ಮುಡಿದ ಗಜರಾ ಬಿಚ್ಚಿ ಅದರ ದಾರವನ್ನೇ ಕೊಟ್ಟಳು.

"ತೂಕ ಎಷ್ಟು ನಿಂದು?"

"ಅದ್ಯಾಕ ಬೇಕು ನಿಮಗ?"

"ಚಾರ್ಟಿನ್ಯಾಗ ನೋಡಬೇಕು."

"ನಮ್ಮವ್ವನ ಮುಂದೂ ಹೇಳಿಲ್ಲ ನಾ." ಗ್ಯಾಲರಿಯ ಬಾಗಿಲು ಮುಚ್ಚಿ ಬಂದು ಕಿವಿಯಲ್ಲಿ ಹೇಳಿದಳು. "ಯಾರ ಮುಂದೂ ಅನಬ್ಯಾಡ್ರಿ ಮತ್ತ!"

ಇಲ್ಲೂ ಬರೆಯುವುದಿಲ್ಲ.

ಗೋಡೆ ಹಿಡಿದು ಹತ್ತಿ ಕೂತಳು. ದಾರ ಸರಿಯಾಗಿ ಎಷ್ಟು ಸರಿಯಬೇಕೋ ಅಷ್ಟೇ ಸರಿಯಿತು. ಮೇಲೆ ಕೆಳಗೆ ಕುಣಿದು ನೋಡಿ ಖುಷಿಪಟ್ಟಳು. ಆಮೇಲೆ, "ಹ್ಯಾಂಡಲ್ ಯಾಕ ಕೆಳಗ ಬಂದದ?"

"ಹೊಸಾದು ಹಂಗಽ ಇರ್ತದ. ರೇಸಿಂಗ್ ಪೊಸಿಷನ್."

"ಹೌದಾ!"

ನಂಬಿದಳು. ತನ್ನ ತೂಕದ ಗುಟ್ಟನ್ನು ನನಗೊಬ್ಬನಿಗೆ ಕೊಟ್ಟವಳಿಗೆ ನಾನು ಕೊಟ್ಟದ್ದು ಇದು. ಥೂ.

17 ನವೆಂಬರ್, ಸೋಮವಾರ

ಇವತ್ತು ಹೇಳುವವನಿದ್ದೆ. ಖರೇ.

ಮನೆಗೆ ಬಂದರೆ ಇಂಪನಾ ಕೂತಿದ್ದಾಳೆ. ಸುಲಭಾಳ ಸೈಕಲ್ ಗುಂಪಿನ ಹುಡುಗಿ, ಮೈಸೂರು ಕಡೆಯವಳು, ಯೆರವಡಾದ ಐಟಿ ಪಾರ್ಕಿನಲ್ಲಿ ಕೆಲಸ. ರೈಡುಗಳ ಉಸಾಬರಿಯೆಲ್ಲ ಅವಳದೇ. ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು.

"ಅಂಕಲ್, ಸೂಪರ್! ಯಾವ ಶಾಪಲ್ಲಿ ಮಾಡ್ಸಿದ್ರಿ?"

ಸುಲಭಾ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ಶಾಪಾ? ನಮ್ಮವರು ಮನ್ಯಾಗಽ ಮಾಡ್ಯಾರ. ಇವರ ಕೈಯಾಗ ಒಂದು ಕೂದಲಾ ಹೆಚ್ಚುಕಡಿಮಿ ಆಗೂದಿಲ್ಲ."

"ಫಿನಿಷಿಂಗ್ ಎಷ್ಟು ನೀಟಾಗಿದೆ! ನಂದೂ ಮಾಡ್ಕೊಡ್ತೀರಾ ಅಂಕಲ್?"

ನೋಡೋಣ ಅಂದೆ. ಗುಂಪಿನಲ್ಲಿ ಫೋಟೋ ಹಾಕಿದ್ದಾರೆ, ನನ್ನ ಹೆಸರು ಸಮೇತ. ಚಪ್ಪಾಳೆಗಳ ಸಾಲು.

ಇನ್ನೊಂದು ಫೋರ್ಕು ಗುಟ್ಟಾಗಿ ಆರ್ಡರ್ ಮಾಡಿದೆ. 27ಕ್ಕೆ ಬರುತ್ತದಂತೆ. ರೈಡು 23ಕ್ಕೆ.

18 ನವೆಂಬರ್, ಮಂಗಳವಾರ

ಕಂಪನಿಗೆ ಬುಶ್ ಎಂಬ ಉಕ್ಕಿನ ಬಳೆಗಳನ್ನು ಮಾಡಿಕೊಡುವ ವರ್ಕ್‌ಶಾಪಿನ ಶ್ಯಾಮ ಬಂದಿದ್ದ. ಅವನ ಲಾಟಿನಲ್ಲಿ ಪೀಸುಗಳು ತುಸು ಗಿಡ್ಡ. ರಿಜೆಕ್ಟ್ ಅಂತ ಕೆಂಪು ಟ್ಯಾಗ್ ಕಟ್ಟಿಸಿದೆ.

"ಸಾಹೇಬ, ಅರ್ಧಾ ಮಿಲಿಮೀಟರಚ್ ಆಹೇ. ಜಾಊ ದ್ಯಾ ನಾ," ಹೋಗಲಿ ಬಿಡಿ ಅಂತ ಗೋಗರೆದ.

ಬಿಡಲಿಕ್ಕೆ ಆಗುವುದಿಲ್ಲ, ಅರ್ಧ ಮಿಲಿಮೀಟರ್ ಮೇಲೆ ಒಬ್ಬರ ಜೀವ ಇರುತ್ತದೆ ಅಂತ ಮರಾಠಿಯಲ್ಲಿ ಅವನಿಗೆ ಬುದ್ಧಿ ಹೇಳಿದೆ. ಡಿಪಾರ್ಟ್‌ಮೆಂಟಿನವರೆಲ್ಲ ತಲೆಯಾಡಿಸಿದರು. ಶ್ಯಾಮ ತಲೆ ತಗ್ಗಿಸಿ ಲಾಟು ಹೊತ್ತುಕೊಂಡು ಹೋದ. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿ ನೋಡಲಿಲ್ಲ.

21 ನವೆಂಬರ್, ಶುಕ್ರವಾರ

ಎರಡು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಬೆಳಿಗ್ಗೆ ಹತ್ತಿರದ ಗುಡ್ಡ, ಇಲ್ಲಿಯವರ ಟೇಕಡಿ, ಅದರ ಮೇಲೆ ಓಡಿಸಿ ಬಂದಳು. ಮುಖ ಕೆಂಪಾಗಿತ್ತು. "ಬೆಣ್ಣಿ ಆಗ್ಯದರಿ! ಕೈ ಒಟ್ಟ ನೋಯಲಿಲ್ಲ. ಒಂದಽ, ಬ್ರೇಕ್ ಹಿಡಿದ್ರ ಹ್ಯಾಂಡಲ್ ಕಡೆ ಟಕ್ ಅಂತದ."

"ಹೊಸಾದಲ್ಲ, ಕೂಡಲಿಕ್ಕೆ ಹತ್ತೇದ."

ಕೆಳಗಿನ ಬೋಲ್ಟನ್ನು ಇನ್ನೂ ಬಿಗಿದೆ. ಇನ್ನು ಬಿಗಿದರೆ ಮುರಿಯುತ್ತದೆ.

ಊಟಕ್ಕೆ ಕೂತಾಗ ಹೇಳಬೇಕೆಂದೆ. ಸುಲಭಾ, ಅಂದೆ. ಏನ್ರಿ, ಅಂದಳು. ಉಪ್ಪು ಕೊಡು, ಅಂದೆ.

22 ನವೆಂಬರ್, ಶನಿವಾರ, ಸಂಜೆ

ಮಾಡಬಾರದ್ದು ಮಾಡಿದೆ.

ಆಕೆ ನಾಳೆಗೆಂದು ಬಾಳೆಹಣ್ಣು ತರಲು ಕೆಳಗೆ ಹೋಗಿದ್ದಳು. ಸಾಮಾನಿನ ಡಬ್ಬಿಯಿಂದ ದಬ್ಬಣ ತೆಗೆದೆ. ಹಿಂದಿನ ಟೈರಿನ ಮಗ್ಗುಲಿಗೆ ಒತ್ತಿ ಚುಚ್ಚಿದೆ. ಸುಸ್ ಅಂತ ಗಾಳಿ ಬಂತು. ದಬ್ಬಣ ಇದ್ದಲ್ಲೇ ಇಟ್ಟೆ.

ಬೆಳಿಗ್ಗೆ ಪಂಚರ್ ಅಂತ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಗುಂಪನ್ನೂ ಸೈಕಲ್ಲುಗಳನ್ನೂ ಭೋರಿಗೆ ಒಯ್ಯುವ ಟೆಂಪೋ ಹೋಗಿಬಿಡುತ್ತದೆ. ಉಳಿಯುತ್ತಾಳೆ. 27ಕ್ಕೆ ಹೊಸದು ಬರುತ್ತದೆ, ಬದಲಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹೇಳುವುದೊಂದನ್ನು ಬಿಟ್ಟು ಎಲ್ಲ ಮಾಡಲಿಕ್ಕೆ ತಯಾರಿದ್ದೇನೆ.

ಬಾಳೆಹಣ್ಣಿನ ಜೊತೆ ನನಗೆ ಚಕ್ಕುಲಿ ತಂದಿದ್ದಾಳೆ.

23 ನವೆಂಬರ್, ರವಿವಾರ, ಬೆಳಿಗ್ಗೆ

"ಅಯ್ಯ, ಪಂಚರ್!"

ಹಾಸಿಗೆಯಲ್ಲೇ ಇದ್ದೆ, ಕಣ್ಣು ಮುಚ್ಚಿಕೊಂಡು. ಅಳುತ್ತಾಳೆ, ಎಬ್ಬಿಸುತ್ತಾಳೆ ಅಂದುಕೊಂಡೆ. ಎಬ್ಬಿಸಲಿಲ್ಲ. ಚಕ್ರ ಬಿಚ್ಚಿದ ಸಪ್ಪಳ. ಟೈರ್ ಎಬ್ಬಿದ ಸಪ್ಪಳ. ಪಂಪು. ಟ್ಯೂಬ್ ಬದಲಿಸುವುದು ಯಾವಾಗ ಕಲಿತಳೋ! ನಾನು ಕೇಳಿರಲಿಲ್ಲ.

ಟೆಂಪೋ ಹೋಗಿತ್ತು. ಫೋನ್ ಮಾಡಿದಳು. "ನಿಮ್ಮ ಕಾರಿನ್ಯಾಗ ಜಾಗಾ ಅದ ಏನು, ಇಂಪನಾ? ತಡಾ ಆತು ನೋಡವಾ."

ಹೋಗುವ ಮುಂಚೆ ಒಳಗೆ ಬಂದಳು. ಹೊದಿಕೆ ಸರಿಮಾಡಿದಳು. "ಮಲ್ಕೋರಿ. ಉಪ್ಪಿಟ್ಟು ಮುಚ್ಚಿಟ್ಟೀನಿ."

ಬಾಗಿಲು ಹಾಕಿಕೊಂಡಿತು.

ಫೋನ್ ಹಚ್ಚುತ್ತಿದ್ದೇನೆ, ಹತ್ತುತ್ತಿಲ್ಲ. ಇಂಪನಾಳದೂ ಇಲ್ಲ. ಉಪ್ಪಿಟ್ಟಿನ ತಟ್ಟೆ ಮುಂದಿದೆ. ಸ್ಕೂಟರಿನ ಕೀಲಿ ಎಲ್ಲಿ... ಹೊರಟೆ.

24 ನವೆಂಬರ್, ಸೋಮವಾರ

ರಜೆ ಹಾಕಿದ್ದೇನೆ.

ನಿನ್ನೆ ಭೋರ್ ದಾಟಿ, ಡಾಂಬರು ರಸ್ತೆಯಲ್ಲಿ ಘಾಟು ಹತ್ತಿದೆ. ಗುಂಪು ಆ ರಸ್ತೆಯಲ್ಲಿ ಮೇಲೆ ಹೋಗಿ, ಆಚೆಯ ಕಲ್ಲುದಾರಿಯಲ್ಲಿ ಇಳಿಯುತ್ತದೆ. ಸ್ಕೂಟರಿನ ಮೇಲೆ ಎಲ್ಲ ದೇವರ ಹೆಸರೂ ಬಂತು. ಮೇಲೆ ತಲುಪಿದಾಗ ಹೆಚ್ಚಿನವರು ಇಳಿದಾಗಿತ್ತು. ತಡವಾಗಿ ಬಂದ ಕೆಲವರು ಉಳಿದಿದ್ದರು. ಸುಲಭಾ ಹೆಲ್ಮೆಟ್ ಕಟ್ಟಿ, ಒಂದು ಕಾಲು ಪೆಡಲಿನ ಮೇಲಿಟ್ಟು, ಇಳಿಜಾರಿನ ಬಾಯಲ್ಲಿ ನಿಂತಿದ್ದಳು.

"ಸುಲಭಾ, ಇಳೀಬ್ಯಾಡ!"

ಎಲ್ಲರೂ ತಿರುಗಿದರು. ಆಕೆಯ ಮುಖ ಬಿಳಿಚಿತು. "ಏನಾತ್ರೀ? ಮನ್ಯಾಗ ಎಲ್ಲಾ ಆರಾಮ?"

"ಪೈಪು ಗಿಡ್ಡ ಅದ. ನಾ ಹೆಚ್ಚು ಕೊಯ್ದೀನಿ."

ಆಕೆಗೆ ತಿಳಿಯಲಿಲ್ಲ. ಇಂಪನಾಳಿಗೆ ತಿಳಿಯಿತು. ಕ್ಯಾಪ್ ತೆಗೆದು ಒಳಗೆ ಇಣುಕಿದಳು. ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ಜೋರಾಗಿ ತಿರುಗಿಸಿದಳು. ಚಕ್ರ ಅಲ್ಲೇ ನಿಂತಿತು. ಹ್ಯಾಂಡಲ್ ಮಾತ್ರ ತಿರುಗಿತು.

"ಅಂಕಲ್... ಇದ್ರಲ್ಲಿ ಇಳಿದಿದ್ರೆ..." ಅಷ್ಟೇ ಅಂದಳು. ನನ್ನ ಕಡೆ ನೋಡಿದ ರೀತಿ! ಭೂಮಿ ಬಾಯಿ ಬಿಡಲಿ ಅನಿಸಿತು.

ಆಗ ಸುಲಭಾ ಅಂದಳು, ಎಲ್ಲರಿಗೂ ಕೇಳುವ ಹಾಗೆ: "ನನಗ ಗೊತ್ತಿತ್ತು. ಬ್ಯಾಡ ಅಂದ್ರು ಇವರು. ನಾನಽ ಹಟಾ ಮಾಡಿ ತಂದೆ."

ಸುಳ್ಳು. ಹುಟ್ಟಿ ಬೆಳೆದು ಸುಳ್ಳು ಹೇಳಿ ಗೊತ್ತಿಲ್ಲದವಳು, ನನ್ನ ಮರ್ಯಾದೆ ಮುಚ್ಚಲು ಅಷ್ಟು ಜನರ ಮುಂದೆ ಹೇಳಿದಳು. ನನ್ನ ಕಡೆ ನೋಡಲಿಲ್ಲ. ಹೆಲ್ಮೆಟ್ ಬಿಚ್ಚಲಿಲ್ಲ. ಸೈಕಲ್ ತಳ್ಳಿಕೊಂಡು ಕಲ್ಲುದಾರಿಯಲ್ಲಿ ನಡೆಯತೊಡಗಿದಳು. ಕೆಳಗೆ ಇಡೀ ಗುಂಪು ಕಾಯುತ್ತ ನಿಂತಿತ್ತು, ಹೋದ ವರ್ಷದ ಹಾಗೆಯೇ.

ಸೈಕಲ್ಲು ಇಂಪನಾಳ ಕಾರಿನಲ್ಲಿ ಬಂತು. ಆಕೆ ಸ್ಕೂಟರಿನ ಹಿಂದೆ ಕೂತಳು. ಭುಜದ ಮೇಲೆ ಕೈ ಇಡಲಿಲ್ಲ. ಕಾತ್ರಜ್ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಬೆನ್ನ ಹಿಂದಿನಿಂದ:

"ಕೊಯ್ದದ್ದಕ್ಕ ನಾ ಏನೂ ಅನ್ನಂಗಿಲ್ಲ. ಕೈ ತಪ್ಪತದ, ಮನಷ್ಯಾ ಅಂದ ಮ್ಯಾಲೆ. ಆದ್ರ ಒಂದು ವಾರ ನನ್ನ ಮುಂದ ಕೂತು ಉಂಡ್ರಲ್ಲಾ..."

"ತಪ್ಪಾತು."

"ಇನ್ನ ಏನರ ಅದ ಏನು ಹೇಳೂದು? ಇದ್ರ ಈಗಽ ಹೇಳಿಬಿಡ್ರಿ. ಒಂದಽ ಸಲ ಸಿಟ್ಟಾಗಿ ಮುಗಸ್ತೀನಿ."

ಸಿಗ್ನಲ್ ಹಸಿರಾಯಿತು. ಹಿಂದಿನ ರಿಕ್ಷಾದವನು ಹಾರ್ನ್ ಹೊಡೆದ.

"ಇಲ್ಲ," ಅಂದೆ. "ಇನ್ನೊಂದು ಫೋರ್ಕು ತರಸ್ಲಿಕತ್ತೀನಿ, ಅಷ್ಟಽ."

"ಅದನ್ನ ಅಂಗಡಿಯಾಂವ ಕೂಡಸ್ತಾನ," ಅಂದಳು. ಆಮೇಲೆ ಭುಜದ ಮೇಲೆ ಕೈ ಇಟ್ಟಳು.

ಆ ಕೈ ಇನ್ನೂ ಅಲ್ಲೇ ಇದೆ ಅನಿಸುತ್ತದೆ.

25 ನವೆಂಬರ್, ಮಂಗಳವಾರ

ಇವತ್ತೂ ರಜೆ. ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ಕಾಯಿಕಡುಬಿನ ವಾಸನೆ. ಸಿಟ್ಟು ಇಳಿದಿದೆ. ಆಕೆಯ ಸಿಟ್ಟು ಹಾಗೆಯೇ, ಬೇಗ ಬರುತ್ತದೆ, ಬೇಗ ಹೋಗುತ್ತದೆ. ಫೋನಿನಲ್ಲಿ ಇಂಪನಾಳ ಜೊತೆ ನಗುತ್ತ ಮಾತಾಡುತ್ತಿದ್ದಾಳೆ. ಇಲ್ಲಿಗೆ ಎಲ್ಲ ಕೇಳುತ್ತದೆ.

"ಟೆಂಪೋದಾಗ ಹೋಗಿದ್ರ ನಾ ಎಲ್ಲಾರಕಿಂತಾ ಮೊದಲ ಇಳದಿರತಿದ್ದೆ, ಇಂಪನಾ. ಇವರು ಬರೂದ್ರಾಗ ಮುಗದಿರತಿತ್ತು. ಆ ಪಂಚರ್ ಉಳಸ್ತು ನನ್ನ. ಟೇಕಡಿ ಮ್ಯಾಲಿನ ಜಾಲಿ ಮುಳ್ಳು ಇರಬೇಕು. ಮುಳ್ಳಿನ ರೂಪದಾಗ ಗಣಪ್ಪ ಬಂದಾ ನೋಡು!"

ಆ ಕಡೆಯಿಂದ ಏನು ಅಂದಳೋ. ಈಕೆ ಮತ್ತೆ ನಕ್ಕಳು.

"ಹೌದವಾ, ಇವತ್ತು ಮಂಗಳವಾರ ಅಲ್ಲಾ, ಕಡಬು ಮಾಡೀನಿ. ನೀನೂ ಬಾ."

ಮೊನ್ನೆ ಸಿಗ್ನಲ್ಲಿನಲ್ಲೇ ಹೇಳಿದ್ದರೆ ಒಂದೇ ಸಲದ ಸಿಟ್ಟು. ಇವತ್ತು ಹೇಳಿದರೆ ಆಕೆಯ ದೇವರನ್ನೂ ಕಸಿದುಕೊಂಡ ಹಾಗೆ. ಹೇಳದಿದ್ದರೆ ನನ್ನ ದಬ್ಬಣಕ್ಕೆ ನೈವೇದ್ಯ. ಆ ಕಡುಬನ್ನು ನಾನು ತಿನ್ನಬೇಕು, ಚೆನ್ನಾಗಿದೆ ಅನ್ನಬೇಕು. ಇದಕ್ಕಿಂತ ಪೈಪು ಕೊಯ್ದದ್ದೇ ವಾಸಿ. ಅಲ್ಲಿ ಕೈ ಜಾರಿತ್ತು. ಇಲ್ಲಿ ಕೈ ಜಾರಿರಲಿಲ್ಲ.

ಸಾಮಾನಿನ ಡಬ್ಬಿ ತೆರೆದು ದಬ್ಬಣ ತಂದು ಇಲ್ಲೇ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಕರೆಯುತ್ತಿದ್ದಾಳೆ. "ಬರ್ರೀ, ಕಾಯಿ ನೀವಽ ಒಡೀಬೇಕು." ನನ್ನ ಕೈಯಿಂದಲೇ ಆಗಬೇಕಂತೆ.

ಹೇಳುತ್ತೇನೆ. ಕಾಯಿ ಒಡೆಯುವ ಮುಂಚೆಯೇ. ಇಲ್ಲಿ ಒಮ್ಮೆ ಬರೆದುಕೊಂಡು ಹೋದರೆ ಬಾಯಿಗೆ ಬಂದೀತು— ಸುಲಭಾ, ಅದು ಜಾಲಿ ಮುಳ್ಳಲ್ಲ, ಅದು...