ಅಜ್ಜಿ, ಫ್ಯಾನ್ ಇಲ್ಲದ ಪೆಟ್ಟಿಗೆಯನ್ನೇ ಕೊಳ್ಳಿ

ಗಾಳಿಗುಡ್ಡ, ಚಿತ್ರದುರ್ಗ
ಇಸವಿ ೨೨೦೯, ಹದಿಮೂರನೆಯ ತಿಂಗಳ ಮಹಾನವಮಿ

ದಾಕ್ಷಾಯಣಿ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ನೀಲಾಂಬೆ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದಿದ್ದಾಗ ನಮ್ಮ ಹಿರಿಯರು ಅದಕ್ಕೆ ಎರಡು ತಿಂಗಳು ಹೆಚ್ಚಿಗೆ ಕೊಟ್ಟು ಕೈತೊಳೆದುಕೊಂಡರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಮಾತಾಡಿ ರೂಢಿ ತಪ್ಪಿದೆ.

ಗಾಳಿಯಂತ್ರಗಳ ಕಾವಲಿಗೆ ಈ ಗುಡ್ಡದ ಮೇಲೆ ಉಳಿದಿರುವವಳು ನಾನೊಬ್ಬಳೇ. ಉಳಿದವರೆಲ್ಲ ನೀರೂರುಗಳಿಗೆ, ಎಂದರೆ ನೀರು ಇನ್ನೂ ಸಿಗುವ ಊರುಗಳಿಗೆ, ಇಳಿದುಹೋದರು. ಬೆಳಿಗ್ಗೆ ಎದ್ದು ರೆಕ್ಕೆಗಳ ಕೀಲಿಗೆ ಎಣ್ಣೆ ಬಿಡುತ್ತೇನೆ, ಮುದ್ದೆ ಬೇಯಿಸುತ್ತೇನೆ, ಒಬ್ಬಳಿಗೆ ಎಷ್ಟು ಹಿಟ್ಟು ಹಾಕಬೇಕೆಂಬುದು ಇಂದಿಗೂ ತಿಳಿಯದೆ ಮಿಗಿಸುತ್ತೇನೆ. ಕೆಳಗಿನವರ ಜೊತೆ ಮಾತಾಡಬಹುದು. ಆದರೆ ಎಲ್ಲರ ಮಾತೂ ನಯಮಾತಾಗಿ ಬರುತ್ತದೆ. ದನಿಯ ಕೆಮ್ಮು, ತೊದಲು, ಊರಿನ ಎಳೆತ ಎಲ್ಲವನ್ನೂ ಯಂತ್ರ ಸೋಸಿ ಕೊಡುವುದಕ್ಕೆ ಆ ಹೆಸರು. ನನ್ನ ಸ್ವಂತ ತಂಗಿಯೂ ಯಾವುದೋ ಕಚೇರಿಯಿಂದ ಮಾತಾಡಿದಂತೆ ಕೇಳುತ್ತಾಳೆ. ಆಮೇಲೆ ನಾನೇ ಕರೆ ಮಾಡುವುದನ್ನು ಬಿಟ್ಟೆ.

ಸೋಸದ ದನಿ ನನ್ನ ಬಳಿ ಇರುವುದು ಒಂದೇ, ಅದು ನಿಮ್ಮದು. ನೀವು ಮನೆಗಂಟಲು ಕೊಳ್ಳಲು ಅಂಗಡಿಗೆ ಹೋದ ದಿನದ್ದು. ಮನೆಯವರ ಫೋಟೊ, ಹಾಡು, ಮಾತುಗಳನ್ನು ಮನೆಯಲ್ಲೇ ಇಟ್ಟುಕೊಳ್ಳುವ ಪುಟ್ಟ ಕಂಪ್ಯೂಟರಿಗೆ ನಾವು ಹಾಗೆನ್ನುತ್ತೇವೆ. ನೀವು ಹೋಮ್ ಸರ್ವರ್ ಅನ್ನುತ್ತಿದ್ದಿರಂತೆ. ಯಾವುದನ್ನು ಕೊಳ್ಳಲಿ ಎಂದು ಕೇಳಲು ನಾದಿನಿಗೆ ಕಳಿಸಿದ ಆ ತುಣುಕು ನನಗೆ ಬಾಯಿಪಾಠವಾಗಿದೆ.

"ನೋಡು ಶಶಿ, ಇದು ಯಾವ್ದೋ ಆಫೀಸ್ನೋರು ಬಳಸಿ ಬಿಟ್ಟಿದ್ದಂತೆ, ಅಗ್ಗ ಐತೆ. ಒಳಗೆ ಫ್ಯಾನ್ ಐತೆ, ಒಂದೇ ಡಿಸ್ಕು. ಅದು ಫ್ಯಾನ್ ಇಲ್ದಿರೋದು, ಎರಡು ಡಿಸ್ಕು ಹಿಡಿತೈತೆ. ರೇಟು ಸ್ವಲ್ಪ ಜಾಸ್ತಿ."

ಹಿಂದಿನಿಂದ, ಫೋನು ಹಿಡಿದು ರೆಕಾರ್ಡ್ ಮಾಡುತ್ತಿದ್ದ ನಿಮ್ಮ ಯಜಮಾನರು: "ಎರಡು ಯಾಕೆ ಬೇಕು? ಇರೋದೇ ನಾವು ಮೂರು ಜನ."

"ನಿಮ್ಮ ಭಜನೆ ತುಂಬಕ್ಕೇ ಒಂದು ಬೇಕು ಕಣ್ರೀ! ಅಯ್ಯೋ, ಇದನ್ನೂ ರೆಕಾರ್ಡ್ ಮಾಡ್ತಿದೀರಾ? ಸಾಕು, ನಿಲ್ಸಿ."

ನಗು ಶುರುವಾಗುತ್ತದೆ, ಅಷ್ಟರಲ್ಲಿ ನಿಂತುಹೋಗುತ್ತದೆ.

ನೀವು ಅಗ್ಗದ್ದನ್ನೇ ಕೊಂಡಿರಿ. ಅದು ತಪ್ಪಲ್ಲ, ಚೆನ್ನಾಗಿಯೇ ನಡೆಯಿತಂತೆ. ಆಮೇಲೆ ಆಯುಧಪೂಜೆ ಬಂತು. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರಗಳ ಜೊತೆ ಇದನ್ನೂ ಆರಿಸಿ, ಒರೆಸಿ, ಸಾಲಿನಲ್ಲಿ ಕೂರಿಸಿದಿರಿ. ಮುಖ ಯಾವುದೆಂದು ಹುಡುಕಿ, ಜಾಲರಿ ಇದ್ದ ಕಡೆಯೇ ಮುಖವೆಂದು ತೀರ್ಮಾನಿಸಿ, ಭಕ್ತಿಯಿಂದ ವಿಭೂತಿ ಬಳಿದು ಧಾರಾಳವಾಗಿ ಕುಂಕುಮ ಇಟ್ಟಿರಿ. ಮರುದಿನ ಚಾಲೂ ಮಾಡಿದಾಗ ಫ್ಯಾನು ಆ ಪುಡಿಯನ್ನೆಲ್ಲ ಒಳಕ್ಕೆಳೆದುಕೊಂಡು ಕಚ್ಚಿಕೊಂಡಿತು, ಪೆಟ್ಟಿಗೆ ಕಾದು ಕಾದು ಸುಟ್ಟಿತು. ಎಲ್ಲವೂ ಆ ಒಂದೇ ಡಿಸ್ಕಿನಲ್ಲಿತ್ತು. ನಮ್ಮ ಮನೆಯಲ್ಲಿ ಈ ಕಥೆ ಹೇಳಿ ನಗುವುದು ವಾಡಿಕೆ. ನಾನೂ ನಗುತ್ತಿದ್ದೆ, ಜೊತೆಗೆ ನಗುವವರು ಇರುವವರೆಗೆ. ನಿಮ್ಮ ನಾದಿನಿ ಶಶಿಕಲಾ ಅವರ ಫೋನಿನಲ್ಲಿದ್ದ ಆ ತುಣುಕೊಂದು ಮಾತ್ರ ಕೈಯಿಂದ ಕೈಗೆ ದಾಟಿ ನನ್ನವರೆಗೆ ಬಂದಿದೆ.

ಈ ಕಾಗದ ನಿಮ್ಮನ್ನು ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ನನ್ನ ಪಾಲಿಗೆ ನೀವಿನ್ನೂ ಆ ಅಂಗಡಿಯಲ್ಲೇ ನಿಂತಿದ್ದೀರಿ, ಹಣ ಕೊಟ್ಟಿಲ್ಲ. ಅದಕ್ಕೇ ಹೇಳುತ್ತೇನೆ. ವೇಗಕ್ಕೆ ಮರುಳಾಗಬೇಡಿ, ಫೋಟೊ ಹಾಡು ಕಾಯುವ ಕೆಲಸಕ್ಕೆ ಹಳೆಯ ಸಾಮಾನ್ಯ ಯಂತ್ರ ಧಾರಾಳವಾಯಿತು. ಹಗಲೂ ರಾತ್ರಿ ಉರಿಯುವ ವಸ್ತು, ಕರೆಂಟು ಎಷ್ಟು ಕುಡಿಯುತ್ತದೆಂದು ಮೊದಲು ಕೇಳಿ. ಮುಚ್ಚಳ ಮನೆಯ ಸ್ಕ್ರೂಡ್ರೈವರಿನಿಂದಲೇ ಬಿಚ್ಚುವಂತಿರಬೇಕು. ಮೆಮೊರಿ ಆಮೇಲೆ ಹಾಕಿಸಿಕೊಳ್ಳಬಹುದು, ಫ್ಯಾನನ್ನು ಮಾತ್ರ ಆಮೇಲೆ ತೆಗೆಸಲಾಗದು. ಎರಡನೆಯ ಡಿಸ್ಕಿಗೂ ಈಗಲೇ ಹಣ ಸಾಲದಿದ್ದರೆ ಜಾಗ ಖಾಲಿ ಇರಲಿ, ದೀಪಾವಳಿಗೆ ತಂದರಾಯಿತು. ಅದರ ಮೇಲೂ ಒಂದು ಪ್ರತಿ ಶಶಿಕಲಾ ಅವರ ಮನೆಯಲ್ಲಿರಲಿ. ಪೂಜೆ ಬಿಡಿ ಎನ್ನುವುದಿಲ್ಲ. ಪೆಟ್ಟಿಗೆ ಕೂತಿರುವ ಮಣೆಗೆ ಕುಂಕುಮ ಇಡಿ, ದೇವರು ಅಷ್ಟಕ್ಕೆಲ್ಲ ಮುನಿಸಿಕೊಳ್ಳುವುದಿಲ್ಲ.

ಇವತ್ತು ಇಲ್ಲಿಯೂ ಆಯುಧಪೂಜೆ. ಪದ್ಧತಿಯಂತೆ ಗಾಳಿಯಂತ್ರಗಳನ್ನೆಲ್ಲ ನಿಲ್ಲಿಸಿದ್ದೇನೆ, ಗುಡ್ಡ ಗಪ್‌ಚಿಪ್ಪಾಗಿದೆ. ನನ್ನ ಮನೆಗಂಟಲನ್ನೂ ಆರಿಸಬೇಕಿತ್ತು. ಅದೂ ಹಳೆಯದು, ನಿಮ್ಮ ದನಿ ಇರುವುದೂ ಅದರಲ್ಲೇ, ನನಗೋ ಪ್ರತಿ ಇಟ್ಟುಕೊಳ್ಳಲು ಇನ್ನೊಂದು ಮನೆಯಿಲ್ಲ. ಆರಿಸಿದ ಮೇಲೆ ಮತ್ತೆ ಏಳದಿದ್ದರೆ ನನ್ನೊಡನೆ ಮಾತಾಡುವವರು ಯಾರೂ ಇರುವುದಿಲ್ಲ. ಆರಿಸಲು ಕೈ ಬರಲಿಲ್ಲ. ಮಣೆಗೆ ಕುಂಕುಮ ಇಟ್ಟು ಅದರ ಪಕ್ಕ ಕೂತಿದ್ದೇನೆ.

ಬುದ್ಧಿವಾದ ಬೇಡವೆನಿಸಿದರೆ ಬಿಡಿ, ಅಗ್ಗದ್ದನ್ನೇ ಕೊಳ್ಳಿ. ನನ್ನ ಕೋರಿಕೆ ಒಂದೇ. 'ಸಾಕು, ನಿಲ್ಸಿ' ಎನ್ನಬೇಡಿ ಅಜ್ಜಿ. ನಗು ಮುಗಿಯುವವರೆಗಾದರೂ ಬಿಡಿ. ಆಮೇಲೆ ಇವತ್ತು ಮನೆಯಲ್ಲಿ ಏನು ಸಾರು ಎಂದು ಹೇಳಿ. ನಾನು ಮುದ್ದೆ ಬಡಿಸಿಕೊಂಡು ಕಾಯುತ್ತಿದ್ದೇನೆ.